ಬೈಸಿಕೊಂಡು ಕಲಿತ ಕನ್ನಡ

ಆರ್.ಟಿ. ನಗರದಲ್ಲಿ ಸೀರೆಗೆ ಕುಚ್ಚು ಕಟ್ಟುವ ಅಸ್ಮಾ ಬಾಯಿ ತೆರೆದರೆ ಪಕ್ಕದ ಮನೆಯ ಗೋಪಾಲಮ್ಮನೇ ಮಾತಾಡಿದಂತೆ ಕೇಳುತ್ತದೆ. ಕೇಳಲೇಬೇಕು. ಮೂವತ್ತು ವರ್ಷದ ಹಿಂದೆ ಹಿಂದೂಪುರದಿಂದ ಮದುವೆಯಾಗಿ ಬಂದಾಗ ಅವಳಿಗೆ ಉರ್ದು, ತೆಲುಗು ಬಿಟ್ಟರೆ ಬೇರೆ ಭಾಷೆ ಗೊತ್ತಿರಲಿಲ್ಲ. ವಠಾರದ ಎಂಟು ಮನೆಗೆ ಇದ್ದದ್ದು ಒಂದೇ ನಲ್ಲಿ. ಸಾಲು ತಪ್ಪಿಸಿ ಬಿಂದಿಗೆ ಇಟ್ಟ ಮೊದಲ ದಿನವೇ ಗೋಪಾಲಮ್ಮ ಅವಳ ಜನ್ಮ ಜಾಲಾಡಿದ್ದರು. ಅರ್ಥವಾಗದ ಬೈಗುಳ ಇನ್ನೂ ಹೆಚ್ಚು ಉರಿಸುತ್ತದೆ. ತಿರುಗಿ ಬೈಯುವುದಕ್ಕಾದರೂ ಕಲಿಯಬೇಕೆಂದು ಅಸ್ಮಾ ಹಟ ತೊಟ್ಟಳು. ಆರು ತಿಂಗಳಲ್ಲಿ ಬೈದೂ ಬಿಟ್ಟಳು. ಗೋಪಾಲಮ್ಮ ಬಿದ್ದು ಬಿದ್ದು ನಕ್ಕು, ಅವಳ ಬಿಂದಿಗೆಯನ್ನು ತಾವೇ ಮುಂದಿಟ್ಟರು. ಎಂಥ ಸುಖದ ಜಗಳಗಳು ಅವು. ಈಗ ಮನೆಮನೆಗೂ ನಲ್ಲಿ ಬಂದಿದೆ, ಜಗಳಕ್ಕೇ ಬರ.

ಈ ಸಲದ ಯುಗಾದಿಯ ಮಾರನೆಯ ದಿನ ಗೋಪಾಲಮ್ಮನಿಗೆ ಲಕ್ವ ಹೊಡೆದು ಮಾತು ನಿಂತುಹೋಯಿತು. ಕೇಳಿದ್ದು ತಿಳಿಯುತ್ತದೆ, ಬಾಯಿಗೆ ಮಾತ್ರ ಬರುವುದಿಲ್ಲ. ಮಾತಾಡಿಸುತ್ತಾ ಹೋದರೆ ಮರಳಬಹುದು ಎಂದರು ಡಾಕ್ಟರು. ಮಗಳು ಧನಲಕ್ಷ್ಮಿ ಕನ್ನಡ ಮಾತಾಡುವ ಎಐ ಆ್ಯಪ್ ಒಂದನ್ನು ಫೋನಿಗೆ ಹಾಕಿಸಿದಳು. ಲಕ್ಷಾಂತರ ಜನರ ಮಾತು, ರಾಶಿ ಪುಸ್ತಕ ಎಲ್ಲ ನುಂಗಿ ಕೆಲವೇ ವಾರದಲ್ಲಿ ಕನ್ನಡ ಕಲಿತಿದೆಯಂತೆ. ಜಾಣ ಕೂಸು, ತಾಳ್ಮೆಯೂ ಅಷ್ಟೇ. "ಪರವಾಗಿಲ್ಲ, ಮತ್ತೊಮ್ಮೆ ಪ್ರಯತ್ನಿಸಿ" ಎಂದು ನೂರು ಸಲ ಹೇಳಿತು. ಗೋಪಾಲಮ್ಮ ಗೋಡೆಯ ಕಡೆ ಮುಖ ತಿರುಗಿಸಿದರು. ಎರಡು ತಿಂಗಳಾದರೂ ತುಟಿ ಬಿಚ್ಚಲಿಲ್ಲ.

ಅಸ್ಮಾಳಿಗೆ ಊಟ ಸೇರದಾಯಿತು. ಆ ಬಾಯಿ ಮುಚ್ಚಿದರೆ ತನ್ನ ಕನ್ನಡದ ತವರುಮನೆಯೇ ಮುಚ್ಚಿದ ಹಾಗೆ. ಫೋನಿನ ಆ ಕೂಸನ್ನು ಯಾರಾದರೂ ಒಂದು ಸಲವಾದರೂ ಬೈದಿದ್ದಾರೆಯೇ ಎಂದು ಧನಲಕ್ಷ್ಮಿಯನ್ನು ಕೇಳಿದಳು. ತಪ್ಪಿದರೆ ತಿದ್ದುತ್ತಾರಂತೆ, ಬೈಯುವುದೇನು ಬಂತು ಎಂದಳು ಅವಳು.

"ಅದಕ್ಕೇ ನೋಡು ಧನಾ. ಅದಕ್ಕೆ ನೀರೂ ಬೇಕಾಗಿಲ್ಲ, ನಿಮ್ಮಮ್ಮನೂ ಬೇಕಾಗಿಲ್ಲ. ಇಂಗೆ ಸಕ್ಕರೆ ಮಾತಾಡ್ಕೊಂಡು ಕೂತ್ರೆ ಯಾರ್ ಬಾಯಿ ಬಿಡ್ತಾರೆ?"

ಮರುದಿನ ಅವಳು ಗೋಪಾಲಮ್ಮನ ಕುರ್ಚಿಯನ್ನು ಅಡುಗೆಮನೆಯ ಬಾಗಿಲಿಗೆ ಎಳೆದು, ತಾನೇ ಮುದ್ದೆಗೆ ಎಸರಿಟ್ಟಳು. ಕುದಿಯುವ ನೀರಿಗೆ ರಾಗಿಹಿಟ್ಟು ಸುರಿದು, ಕೋಲು ಮುಟ್ಟದೆ ಸೊಂಟದ ಮೇಲೆ ಕೈಯಿಟ್ಟು ನಿಂತಳು. ಹಿಟ್ಟು ಗಂಟುಗಟ್ಟತೊಡಗಿತು. ಹಿಂದೆ ಕುರ್ಚಿ ಕಿರುಗುಟ್ಟಿತು. ತಿರುಗಿ ನೋಡಿದರೆ ಗೋಪಾಲಮ್ಮನ ಎಡಗೈ ಮೇಲೆದ್ದಿದೆ, ಕಣ್ಣಲ್ಲಿ ಕೆಂಡ.

"ಗಂ... ಗಂಟು," ಎಂದರು. ಉಸಿರು ಎಳೆದುಕೊಂಡು, "ತಿರುವೇ, ಮೂದೇವಿ."

ಅಸ್ಮಾಳ ಕಣ್ಣು ತುಂಬಿ ಒಲೆಯೇ ಕಾಣದಾಯಿತು. ಕೋಲನ್ನು ಕೈಗೆತ್ತಿಕೊಂಡಳು, ಆದರೆ ತಿರುವಲಿಲ್ಲ. ಇನ್ನೊಂದು ಬೈಗುಳ ಬರಲಿ ಎಂದು ಕಾದು ನಿಂತಳು.