ಏಳನೇ ರೂಮಿನ ಬಣ್ಣ

ವುಡ್‌ಬ್ರಿಡ್ಜ್‌ನ ಹೆದ್ದಾರಿ ಬದಿಯ ಆ ಮೋಟೆಲಿನ ಎಲ್ಲ ರೂಮುಗಳಿಗೂ ಒಂದೇ ಬಣ್ಣ, ಹಾಲು ಹೆಚ್ಚಾದ ಚಹಾದ್ದು. ಮಾಲೀಕ ಸುಧಾಕರ ಶೆಟ್ಟರು ಅದನ್ನು ಶಿಸ್ತು ಎನ್ನುತ್ತಿದ್ದರು. ಕಾಪುವಿನಿಂದ ಮದುವೆಯಾಗಿ ಬಂದಾಗಿನಿಂದ ಆ ಗೋಡೆಗಳನ್ನು ಒರೆಸುತ್ತಿದ್ದ ಹೆಂಡತಿ ಸುಗಂಧಿಗೆ ಅದನ್ನು ಕಂಡರೆ ಆಕಳಿಕೆ.

೧೯೯೯ರ ಬೇಸಿಗೆಯಲ್ಲಿ, ವೈಟುಕೆ ಎಂಬ ಕಂಪ್ಯೂಟರ್ ದೋಷ ಸರಿಪಡಿಸುವ ಕೆಲಸಕ್ಕೆ ಊರಿಂದ ಬಂದಿಳಿದ ಹುಡುಗರಿಂದ ಮೋಟೆಲ್ ತುಂಬಿತ್ತು. ಏಳನೇ ರೂಮನ್ನು ಮಾತ್ರ ಚಿಯೋ ಇಸೊಬೆ ಎಂಬ ವಯಸ್ಸಾದ ಜಪಾನಿ ಕಲಾವಿದೆ ಹಿಡಿದಿದ್ದರು. ಬಣ್ಣದ ಹುಚ್ಚಾಟಕ್ಕೆ ಮ್ಯಾನ್‌ಹಟನ್‌ನ ಗ್ಯಾಲರಿಗಳಲ್ಲಿ ಹೆಸರಾದವರು. ಹೊಸ ಸ್ಟುಡಿಯೋ ಸಿಗುವವರೆಗೆ ಇಲ್ಲಿದ್ದರು.

ಒಂದು ದಿನ ಹಾಸಿಗೆಯ ಹೊದಿಕೆ ಬದಲಿಸಲು ಹೋದ ಸುಗಂಧಿ ಬಾಗಿಲಲ್ಲೇ ನಿಂತಳು. ಒಂದು ಗೋಡೆ ದಾಸವಾಳದ ಕೆಂಪು, ಇನ್ನೊಂದು ಗಿಳಿಹಸಿರು, ಕಮೋಡಿನ ಮುಚ್ಚಳ ನವಿಲುನೀಲಿ. ಚಿಯೋ ಕುಂಚವನ್ನು ಬೆನ್ನ ಹಿಂದೆ ಅಡಗಿಸಿಕೊಂಡರು. ಸುಗಂಧಿ ಒಳಬಂದು ಚಿಲಕ ಹಾಕಿ, ಮೇಲಿನ ಸೀಲಿಂಗ್ ಬಾಕಿ ಇದೆಯೆಂದು ಬೆರಳು ತೋರಿಸಿದಳು.

ಗಂಡನಿಗೆ ಏಳನೇ ರೂಮಿನಲ್ಲಿ ಪೈಪ್ ಸೋರುತ್ತಿದೆ, ಆ ಕಡೆ ಹೋಗಬೇಡಿ ಎಂದಳು. ದಿನಾ ಮಧ್ಯಾಹ್ನ ಇಬ್ಬರೂ ಕುರ್ಚಿ ಹತ್ತಿ ಸೀಲಿಂಗಿಗೆ ಕಿತ್ತಳೆ ಬಳಿದರು. ಸುಗಂಧಿಯ ಕಿವಿಯ ಹಿಂದೆ ಉಳಿದಿದ್ದ ಬಣ್ಣವನ್ನು ಶೆಟ್ಟರು ನೋಡಿ ಕೇಳಿದಾಗ, ಕೇಸರಿಬಾತ್ ಮಾಡುವಾಗ ತಾಗಿತು ಎಂದಳು. ಕೇಸರಿಬಾತ್ ಎಲ್ಲಿ ಎಂದು ಅವರು ಕೇಳಿದ್ದರಿಂದ ಅದನ್ನೂ ಮಾಡಬೇಕಾಯಿತು.

ಸೋರಿಕೆ ನಿಲ್ಲದಿದ್ದಾಗ ಶೆಟ್ಟರೇ ಪೈಪ್ ಬಿಗಿಯುವ ಪಾನಾ ಹಿಡಿದು ಬಂದರು. ಬಾಗಿಲು ತೆರೆದವರು ಸುತ್ತಲೂ ನೋಡಿ, ಮೆಲ್ಲನೆ ಹಾಸಿಗೆಯ ಅಂಚಿಗೆ ಕುಳಿತರು.

"ಲೀಕ್ ಎಲ್ಲಿ ಉಂಟು ಮಾರಾಯ್ತಿ?"

"ಈಗ ನಿಂತಿದೆ" ಎಂದಳು ಹಿಂದೆಯೇ ಬಂದಿದ್ದ ಸುಗಂಧಿ.

ಆ ಸಂಜೆ ಶೆಟ್ಟರು ಊಟ ಬೇಡವೆಂದರು. ಬಂಗುಡೆ ಸಾರಿನ ಪರಿಮಳ ಬಂದ ಮೇಲೆ ಎದ್ದು ಕುಳಿತು ಉಂಡರು. ಆದರೆ ಸುದ್ದಿ ಹಬ್ಬಿತ್ತು. ಹುಡುಗರೆಲ್ಲ ಏಳನೇ ರೂಮು ಖಾಲಿಯಾದರೆ ತಮಗೇ ಬೇಕೆಂದು ಗಂಟುಬಿದ್ದರು. ಶೆಟ್ಟರು ಒಂದೆರಡು ದಿನ ಯೋಚಿಸಿ, ಯಾರಿಗೂ ಹೇಳದೆ ಉಳಿದ ಬಣ್ಣಗಳನ್ನೆಲ್ಲ ಕಲಸಿ ಆಫೀಸಿನ ಬಾಗಿಲಿಗೆ ಬಳಿದರು. ಅದು ಹಳಸಿದ ಬದನೆಕಾಯಿ ಗೊಜ್ಜಿನ ಬಣ್ಣಕ್ಕೆ ತಿರುಗಿತು. ಶೆಟ್ಟರು ಅದನ್ನು ಚಿಯೋರನ್ನು ಕರೆದು ತೋರಿಸಿದರು.

ಚಿಯೋ ದೂರದಿಂದ ನೋಡಿದರು, ಹತ್ತಿರ ಬಂದು ನೋಡಿದರು. ಕೊನೆಗೆ ತಮಗೆ ಬರುತ್ತಿದ್ದ ನಾಲ್ಕು ಇಂಗ್ಲಿಷ್ ಮಾತಿನಲ್ಲಿ, ಬಹಳ ಕೆಟ್ಟದಾಗಿದೆ ಎಂದರು.

ಶೆಟ್ಟರು ಹಿಗ್ಗಿಹೋದರು. "ಅಷ್ಟು ದೊಡ್ಡ ಆರ್ಟಿಸ್ಟ್ ನನ್ನ ಕೆಲಸವನ್ನು ಸೀರಿಯಸ್ ಆಗಿ ನೋಡಿದ್ದಾರೆ" ಎಂದು ಬಂದವರಿಗೆಲ್ಲ ಹೇಳಿದರು. ಆ ಬಾಗಿಲನ್ನು ಯಾರೂ ಮುಟ್ಟಕೂಡದೆಂದು ಹಟ ಹಿಡಿದರು. ಸುಗಂಧಿ ಒಪ್ಪಿದಳು, ಬದಲಿಗೆ ಎಂಟನೇ ರೂಮಿನ ಕೀಲಿ ಕೇಳಿದಳು.