ಗೂಬೆ ಹೊಕ್ಕ ಮನೆ

ಈಚೆಗೆ ಸಂಜೆಯಾದರೆ ಸಾಕು, ಒಂದು ಇಲಿಯ ಆರೋಗ್ಯದ ಚಿಂತೆ ನನಗೆ ಹತ್ತಿಕೊಳ್ಳುತ್ತದೆ. ಯಾವ ಇಲಿ ಎಂದು ಕೇಳಬೇಡಿ; ಅದರ ಮುಖಪರಿಚಯ ನನಗಿಲ್ಲ. ಮಾನ್ವಿಯ ನಮ್ಮ ಮನೆಯ ಹಿತ್ತಲ ಗೋಡೆಗೆ ಬಸಣ್ಣನ ಅಕ್ಕಿ ಗಿರಣಿ ಅಂಟಿಕೊಂಡಿದೆ. ಅಲ್ಲಿನ ಲೆಕ್ಕವಿಲ್ಲದ ಇಲಿಗಳಲ್ಲಿ ಅದೂ ಒಂದು, ಅಷ್ಟೆ.

ಮೊದಲು ಬಂದದ್ದು ಗೂಬೆ. ಅಮಾವಾಸ್ಯೆಯ ದಿನ ಬಂತು ಎನ್ನುತ್ತಾಳೆ ಹೆಂಡತಿ ಗಿರಿಜಾ. ನನ್ನ ನೆನಪಿನಲ್ಲಿ ಅದರ ಬಿಳಿ ಮುಖದ ಮೇಲೆ ಬೆಳದಿಂಗಳಿದೆ. ಇಬ್ಬರಲ್ಲಿ ಒಬ್ಬರ ನೆನಪು ಕಥೆ ಕಟ್ಟುತ್ತಿದೆ, ಬಹುಶಃ ಇಬ್ಬರದೂ. ನೆನಪು ಚೊಕ್ಕಟವಾದಷ್ಟೂ ನನಗೆ ಅದರ ಮೇಲೆ ಅನುಮಾನ. ಗಟ್ಟಿಯಾಗಿ ಹೇಳಬಹುದಾದದ್ದು ಇಷ್ಟು: ಅಟ್ಟದ ಬೆಳಕಿಂಡಿಯಲ್ಲಿ ಗೂಬೆ ಕೂತಿತ್ತು, ಗೂಬೆ ಹೊಕ್ಕ ಮನೆಯನ್ನು ಮೂರು ತಿಂಗಳು ಬಿಡಬೇಕೆಂಬುದು ನಮ್ಮ ಕಡೆಯ ಕಟ್ಟಳೆ, ಮತ್ತು ಅದನ್ನು ಕಂಡ ಮರುದಿನವೇ ಗಿರಿಜಾ ಚೀಲ ಕಟ್ಟಿ ಬಾಗಿಲ ಬಳಿ ಇಟ್ಟಿದ್ದಳು.

“ದೇವದುರ್ಗದಾಗ ಅಕ್ಕನ ಮನಿ ಅದ. ಕೀಲಿ ಹಾಕ್ರಿ, ಹೋಗೂಣು. ಗೂಬಿ ಸುಮ್ಮ ಬರಂಗಿಲ್ಲ, ಯಾರನ್ನರ ಕರಕೊಂಡು ಹೋಗಾಕ ಬರ್ತದ.”

“ಯಾರನ್ನ?” ಎಂದೆ. ಆಕೆ ನನ್ನನ್ನು ನೋಡಿದ ರೀತಿ ನನಗೆ ಹಿಡಿಸಲಿಲ್ಲ.

ಮೂರು ತಿಂಗಳು ಷಡ್ಡಕನ ಮನೆಯಲ್ಲಿ ಇರುವುದಕ್ಕಿಂತ ಗೂಬೆಯ ಜೊತೆ ಹೋಗುವುದೇ ಮೇಲು ಎಂಬುದು ನನ್ನ ಖಾಸಗಿ ಅಭಿಪ್ರಾಯ. ಅದನ್ನು ಬಾಯಿಬಿಟ್ಟು ಹೇಳುವಂತಿಲ್ಲ. ಹಾಗಾಗಿ ವಿಜ್ಞಾನಕ್ಕೆ ಶರಣಾದೆ. ಗೂಬೆ ಬಂದಿರುವುದು ಇಲಿಗಾಗಿ. ಇಲಿ ಇಲ್ಲದಿದ್ದರೆ ಗೂಬೆಯೂ ಇಲ್ಲ. ಈ ಸೂತ್ರದ ಚೆಂದಕ್ಕೆ ನಾನೇ ಮರುಳಾಗಿ, ಇಲಿಗಳಿಗೆ ಏನಾದರೂ ಮಾಡಿ ಎಂದು ಬಸಣ್ಣನಿಗೆ ಹೇಳಿ ಬಂದೆ. ಆತ ಆ ಸಂಜೆಯೇ ನುಚ್ಚಿಗೆ ಔಷಧಿ ಕಲಸಿ ಗಿರಣಿಯ ಮೂಲೆ ಮೂಲೆಗೆ ಇಡಿಸಿದ. ನಮ್ಮಲ್ಲಿ ವಿಷವನ್ನು ಔಷಧಿ ಎಂದೇ ಕರೆಯುತ್ತೇವೆ; ಯಾರ ಯಾವ ರೋಗಕ್ಕೆ ಎಂದು ಯಾರೂ ಕೇಳುವುದಿಲ್ಲ.

ಮರುದಿನ ಅಟ್ಟದಿಂದ ಬುಸುಗುಟ್ಟುವ ಸದ್ದು. ಹಾವೆಂದು ಗಿರಿಜಾ ಅಂಗಳಕ್ಕೆ ಓಡಿದಳು. ಪಕ್ಕದಲ್ಲಿ ಕಿರಾಣಿ ಅಂಗಡಿ ಇಟ್ಟಿರುವ ಜುಬೇದಾಬಿ ಏಣಿ ತಂದು, ನನ್ನನ್ನು ಕೆಳಗೇ ನಿಲ್ಲಿಸಿ, ತಾನೇ ಹತ್ತಿದಳು.

“ಹಾವಲ್ಲ ಬೇ. ಬಚ್ಚೇ ಅದಾವ, ಗೂಬಿ ಮರಿ. ಥೇಟ್ ನಿಮ್ಮ ಸಾಹೇಬರಂಗ ಕಣ್ಣು ಬಿಡ್ತಾವ.”

ಅಂದರೆ ನಮ್ಮ ಕಣ್ಣಿಗೆ ಬೀಳುವ ಎಷ್ಟೋ ವಾರ ಮೊದಲೇ ಗೂಬೆ ಅಟ್ಟದಲ್ಲಿ ಸಂಸಾರ ಹೂಡಿತ್ತು. ನನ್ನ ಸೂತ್ರದ ತಪ್ಪು ಹೊಳೆದದ್ದು ಆಗ. ಆ ಔಷಧಿ ತಿಂದ ಇಲಿ ಅಂದೇ ಸಾಯುವುದಿಲ್ಲ. ನಾಲ್ಕಾರು ದಿನ ಮಂಕಾಗಿ, ತೂರಾಡುತ್ತ ಬಯಲಲ್ಲಿ ನಡೆಯುತ್ತದೆ. ಮರಿಗಳ ತಾಯಿಗೆ ಅದಕ್ಕಿಂತ ಸಲೀಸಾದ ಊಟ ಯಾವುದಿದೆ? ನನ್ನ ಸೂತ್ರದಲ್ಲಿ ಇಲಿ ಮಾಯವಾಗುತ್ತಿತ್ತು. ಲೋಕದಲ್ಲಿ ಏನೂ ಮಾಯವಾಗುವುದಿಲ್ಲ, ಇನ್ನೊಬ್ಬರ ಹೊಟ್ಟೆ ಸೇರುತ್ತದೆ.

ಬೆಳಕಿಂಡಿಯ ಕೆಳಗೆ ಗೂಬೆ ಕಾರಿದ ಉಂಡೆಗಳು ಬಿದ್ದಿದ್ದವು. ಒಂದನ್ನು ಕಡ್ಡಿಯಿಂದ ಬಿಡಿಸಿದೆ: ಬೂದು ಕೂದಲು, ಸೂಜಿಯಂಥ ಎಲುಬು, ಹಳದಿ ಹಲ್ಲು. ಈ ಇಲಿ ಗಿರಣಿಗೆ ಬಂದ ಕಲ್ಲೂರಿನ ಭತ್ತ ತಿಂದದ್ದು. ಆ ಭತ್ತ ಕಾಲುವೆಯ ನೀರು, ಚೀಲದ ಗೊಬ್ಬರ, ನಮ್ಮ ಸೀಮೆಯ ಕುಖ್ಯಾತ ಬಿಸಿಲು ಕುಡಿದದ್ದು. ರಾಯಚೂರಿನ ವಿದ್ಯುತ್ ಸ್ಥಾವರದ ಚಿಮಣಿಗಳ ಅಡಿಯಲ್ಲಿ ಉರಿದು ನನ್ನ ಫ್ಯಾನು ತಿರುಗಿಸುವ ಕಲ್ಲಿದ್ದಲೂ ಯಾವುದೋ ಕಾಲದ ಕಾಡು ನುಂಗಿದ ಬಿಸಿಲೇ. ಬಿಸಿಲು ಹೀಗೆ ಬಾಯಿಂದ ಬಾಯಿಗೆ ಹೋಗುತ್ತ ಸೊರಗುತ್ತದೆ. ಪ್ರತಿ ಜೀವವೂ ಬಹುಪಾಲನ್ನು ಓಡಾಟಕ್ಕೆ, ಉಸಿರಿಗೆ, ಮೈ ಬಿಸಿಗೆ ವೆಚ್ಚ ಮಾಡಿ ಚೂರನ್ನಷ್ಟೇ ಮುಂದಕ್ಕೆ ಬಿಡುತ್ತದೆ. ಅದಕ್ಕೇ ಇಲಿಗಳು ಸಾವಿರ, ಗೂಬೆ ಒಂದು. ಆದರೆ ಈ ವಿಷಕ್ಕೆ ವೆಚ್ಚವೇ ಇಲ್ಲ. ಹತ್ತು ಇಲಿಗಳ ಪಾಲು ಒಂದೇ ಗೂಬೆಯ ಮೈಯಲ್ಲಿ ಗಂಟು ಕಟ್ಟಿಕೊಳ್ಳುತ್ತದೆ. ಬಿಸಿಲು ಏಣಿ ಹತ್ತುತ್ತ ಬಡವಾಗುತ್ತದೆ, ವಿಷ ಹತ್ತುತ್ತ ಸಾಹುಕಾರನಾಗುತ್ತದೆ. ಏಣಿಯ ತುದಿಯಲ್ಲಿ ಮತ್ತೆ ಯಾರು ಯಾರಿದ್ದಾರೆ ಎಂದು ಯೋಚಿಸಿ, ಗದ್ದೆಗಳ ಔಷಧಿ ಬಸಿದು ಸೇರುವ ಚೀಕಲಪರ್ವಿಯ ಹೊಳೆಯ ಮೀನು ತಿಂದು ತುಂಬಿದ್ದ ಹೊಟ್ಟೆಯನ್ನು ಸವರಿಕೊಂಡೆ.

ಗಿರಣಿಗೆ ಓಡಿದೆ. “ಔಷಧಿ ತಗಿಸ್ರಿ ಬಸಣ್ಣಾ, ಗೂಬಿ ಸಾಯ್ತದ.”

ಹಣೆಯ ವಿಭೂತಿ ಕೆಡದಷ್ಟು ಮೆಲ್ಲಗೆ ಬಸಣ್ಣ ಬೆವರು ಒರೆಸಿಕೊಂಡ. “ನಿನ್ನಿ ಇಲಿ ಹೊಡೀರಿ ಅಂದ್ರಿ. ಇವತ್ತು ಗೂಬಿ ಉಳಸ್ರಿ ಅಂತೀರಿ. ನಾಳಿ ಇಲಿಗೆ ತೊಟ್ಟಲಾ ಕಟ್ಟಸ್ತೀರೇನ್ರೀ?”

ಆದರೂ ಆಳು ಕಳಿಸಿ ನುಚ್ಚು ಬಳಿದು ತೆಗೆಸಿದ. ಅರ್ಧವೂ ಉಳಿದಿರಲಿಲ್ಲ. ಹೋದ ಅರ್ಧ ಎಷ್ಟೋ ಹೊಟ್ಟೆಗಳಲ್ಲಿ ಕೂತು ಗಿರಣಿಯ ಸುತ್ತ ನಡೆದಾಡುತ್ತಿತ್ತು.

ಅಂದಿನಿಂದ ನಮ್ಮ ಮನೆಯ ಭಯ ಮಗ್ಗುಲು ಬದಲಿಸಿದೆ. ಮೊದಲು ಗೂಬೆ ಬಂದಿದೆಯೆಂಬ ಅಂಜಿಕೆ. ಈಗ ಬರುವುದಿಲ್ಲವೆಂಬ ಅಂಜಿಕೆ. ಗಿರಿಜಾಳ ಚೀಲ ಬಾಗಿಲ ಬಳಿಯೇ ಇದೆ. ಆದರೆ ಹೊತ್ತು ಮುಳುಗುವಾಗ ಆಕೆಯೂ ಅಂಗಳದಲ್ಲಿ ನಿಂತು ಮುಗಿಲು ನೋಡುತ್ತಾಳೆ. “ಮರಿ ಇದ್ದ ಮನಿ ಬಿಟ್ಟು ಹೋಗಬಾರದಂತ” ಎಂದು ನಾನು ಕೇಳದಿದ್ದರೂ ಹೇಳುತ್ತಾಳೆ. ಈ ಕಟ್ಟಳೆ ಎಲ್ಲಿಯದೋ. ಜುಬೇದಾಬಿ ಏಣಿ ಇಳಿದ ಮೇಲೆ ಹುಟ್ಟಿದ್ದಿರಬೇಕು.

ನಿನ್ನೆ ತಡವಾಯಿತು. ಗಿರಣಿ ನಿಂತಿತು, ಬೇವಿನ ಮರ ಕಪ್ಪಾಯಿತು, ಮರಿಗಳು ಬುಸುಗುಟ್ಟಿ ಬುಸುಗುಟ್ಟಿ ಸುಮ್ಮನಾದವು. ಆ ಸುಮ್ಮನಾದದ್ದು ಬುಸುಗುಟ್ಟಿದ್ದಕ್ಕಿಂತ ಜೋರಾಗಿ ಕೇಳಿಸಿತು. ಆಗ ಸದ್ದಿಲ್ಲದ ಬಿಳಿ ರೆಕ್ಕೆಯೊಂದು ನಮ್ಮ ತಲೆಯ ಮೇಲೆ ಹಾಯಿತು. ಕಾಲಲ್ಲಿ ಇಲಿ.

ಗಿರಿಜಾ ನನ್ನ ತೋಳು ಹಿಡಿದಳು. “ಒದ್ದಾಡಾಕತ್ತಿತ್ತೇನ್ರೀ?”

ಒದ್ದಾಡುತ್ತಿದ್ದರೆ ಅದು ಗಟ್ಟಿಮುಟ್ಟಾದ ಇಲಿ. ಜೋತುಬಿದ್ದಿದ್ದರೆ ನನ್ನ ಸೂತ್ರ. ಒದ್ದಾಡುತ್ತಿತ್ತು ಎಂದೆ. ಕಂಡೆನೋ, ಕಾಣಬೇಕೆಂದು ಕಂಡೆನೋ ಗೊತ್ತಿಲ್ಲ. ಒಂದೇ ದಿನದ ನೆನಪಿಗೂ ನಾನು ಜಾಮೀನು ನಿಲ್ಲಲಾರೆ.

ಬೆಳಕಿಂಡಿಯ ಅಂಚಿನಲ್ಲಿ ಕೂತ ಗೂಬೆ ಕತ್ತು ತಿರುಗಿಸಿ ನಮ್ಮಿಬ್ಬರನ್ನೂ ದಿಟ್ಟಿಸಿತು. ಮನುಷ್ಯರು ಹೊಕ್ಕ ಮನೆಯನ್ನು ಎಷ್ಟು ತಿಂಗಳು ಬಿಡಬೇಕೆಂದು ಗೂಬೆಗಳಲ್ಲೂ ಒಂದು ಕಟ್ಟಳೆ ಇದ್ದೀತು. ಮರಿಗಳಿದ್ದವಲ್ಲ, ಪಾಪ, ಅದು ಇನ್ನೂ ಚೀಲ ಕಟ್ಟಿರಲಿಲ್ಲ.