ಬರೀ ಕಾಫಿ ಎಂದ ನಾಲಿಗೆ

ಆ ಶೀಶೆಯಲ್ಲಿ ತಂಬಾಕಿನ ಸತ್ವ ಇತ್ತು, ಶೈಲಾ. ಮೊದಲ ದಮ್ಮಿಗೇ ನನಗೆ ಗೊತ್ತಾಗಿತ್ತು. ಗೊತ್ತಿದ್ದೂ ನಿನ್ನ ಮುಖ ನೋಡಿಕೊಂಡೇ "ಬರೀ ಕಾಫಿ" ಅಂದೆ. ಇಷ್ಟನ್ನು ಒಪ್ಪಿಕೊಳ್ಳುವುದಕ್ಕೆ ಇಷ್ಟು ವರ್ಷ ಹಿಡಿಯಿತು — ಈಗಲೂ ಹೇಳಲು ಬಾಯಿ ಬರುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ನನ್ನ ತಮ್ಮನನ್ನು ಮದುವೆಯಾಗಿ ಬಿಣಗಾಕ್ಕೆ ಬಂದ ದಿನದಿಂದಲೂ ನೀನು ಅವನ ಸಿಗರೇಟಿನ ಜೊತೆ ಜಗಳವಾಡಿದವಳು. ನಾಲ್ಕು ಮೆಟ್ಟಿಲು ಹತ್ತಿದರೆ ಉದಯನಿಗೆ ದಮ್ಮು ಬರುತ್ತಿತ್ತು. ಕೊನೆಗೆ ಒಂದು ದಿನ ನೀನು ಮಗಳು ನಿಧಿಯನ್ನು ಎದುರಿಗೆ ತಂದು ನಿಲ್ಲಿಸಿದೆ. ಅವಳಿಗೆ ಆಗ ಎಂಟೋ ಒಂಬತ್ತೋ. ಅವಳ ತಲೆಯ ಮೇಲೆ ಕೈಯಿಟ್ಟು ಅವನು ಆಣೆ ಮಾಡಿದ — ಇನ್ನು ತಂಬಾಕು ಮುಟ್ಟುವುದಿಲ್ಲ ಅಂತ. ಅದಾಗಿ ವಾರಕ್ಕೆ ನೀವಿಬ್ಬರೂ ಅಂಕೋಲೆಗೆ, ನಮ್ಮ ಕಾಫಿಪುಡಿ ಅಂಗಡಿಗೆ ಬಂದಿರಿ. ಅವನ ಕೈಯಲ್ಲಿ ಹೊಗೆ ಎಳೆಯುವ ಪೆನ್ನಿನಂಥ ಒಂದು ಯಂತ್ರ, ಅದಕ್ಕೆ ತುಂಬುವ ಎಣ್ಣೆಯ ಒಂದು ಪುಟ್ಟ ಶೀಶೆ. ಜೊತೆಯವರೊಬ್ಬರು ಗೋವಾದಿಂದ ತಂದುಕೊಟ್ಟಿದ್ದಂತೆ. ಚೀಟಿಯ ಮೇಲೆ ಕಾಫಿಯ ಕಪ್ಪು-ಬಸಿಯ ಚಿತ್ರ ಕಾಣುತ್ತಿತ್ತು, ಉಳಿದ ಅಕ್ಷರವೆಲ್ಲ ಎಣ್ಣೆ ಸೋರಿ ಅಳಿಸಿಹೋಗಿತ್ತು.

"ಅಕ್ಕಾ, ನೀನೇ ಎಳ್ದು ನೋಡು," ಅಂದ ಉದಯ. "ತಂಬಾಕ್ ಇಲ್ಲ, ಬರೀ ಕಾಫಿ ಹೊಗೆ ಅಂತ್ರು. ತಂಬಾಕ್ ಅದೆ ಅಂದ್ಯಾದ್ರೆ ಈಗ್ಲೇ ಗಟಾರಕ್ಕೆ ಬಿಸಾಕ್ತೆ."

ನೀನು ಅಂದದ್ದು ಇನ್ನೂ ಕಿವಿಯಲ್ಲಿದೆ. "ನಂಗೆ ಬೇರೆ ಯಾರ ಮೇಲೂ ಭರವಸೆ ಇಲ್ಲ ಅಕ್ಕಾ. ನಿಮ್ಮ ನಾಲ್ಗೆ ಹೇಳಿದ್ದೇ ಅಖೇರಿ."

ನನ್ನ ನಾಲಿಗೆಗೆ ಪೇಟೆಯಲ್ಲಿ ಹೆಸರಿತ್ತು, ಅದು ಸುಳ್ಳಲ್ಲ. ಪುಡಿಯಲ್ಲಿ ಚಿಕೋರಿ ಎಷ್ಟು ಬಿದ್ದಿದೆ ಎಂದು ಒಂದು ಗುಟುಕಿಗೆ ಹೇಳುತ್ತಿದ್ದೆ. ಬೀಜ ಹಳೆಯದೋ ಹೊಸದೋ, ಹುರಿದವನು ನಡುವೆ ಎದ್ದುಹೋಗಿದ್ದನೋ — ಎಲ್ಲ. ಆ ಜಂಬ ನನಗೂ ಇತ್ತು. ಕಾಫಿ ನೋಡುವ ಮುಂಚೆ ಮಾಡುವ ಹಾಗೆಯೇ ಬಾಯಿ ಮುಕ್ಕಳಿಸಿ ಬಂದೆ. ಒಂದು ಹನಿಯನ್ನು ಮುಂಗೈಗೆ ಹಚ್ಚಿ ಮೂಸಿದೆ. ಉಕ್ಕಿ ಒಲೆಗೆ ಬಿದ್ದ ಹಾಲು, ಸುಟ್ಟ ಬೆಲ್ಲ, ಹಿಂದೆ ಎಲ್ಲೋ ಕಾಫಿ ಪೆಪ್ಪರಮಿಂಟಿನ ವಾಸನೆ. ಬೀಜದ ಕಹಿ ಇಲ್ಲವೇ ಇಲ್ಲ. ಕಾಫಿ ಅಂತ ನೋಡಿದರೆ ಸುಮಾರು ಸರಕು. ಆಮೇಲೆ ಒಂದು ದಮ್ಮು ಎಳೆದೆ.

ಸಿಹಿ ಮೊದಲು ಬಂತು. ಅದರ ಬೆನ್ನಿಗೇ ಗಂಟಲಲ್ಲಿ ಮೆಣಸಿನ ಕಾಳು ಕಚ್ಚಿದ ಚುರುಕು. ನಾಲಿಗೆಯಡಿ ನೀರೂರಿತು. ಎರಡು ಕ್ಷಣ ಬಿಟ್ಟು ತಲೆ ಹಗುರಾಗಿ ಸ್ವಲ್ಪ ತೂಗಿತು — ಆ ತೂಗು ನನಗೆ ಚೆನ್ನಾಗಿ ಗೊತ್ತು. ದಿನಾ ಬೆಳಿಗ್ಗೆ ಅದು ಬರದಿದ್ದರೆ ನನಗೆ ಕೈಕಾಲು ಆಡುವುದಿಲ್ಲ.

ಇಲ್ಲಿಯೇ ನಾನು ಹೇಳಬೇಕಾದ ಇನ್ನೊಂದು ಮಾತು ಇರುವುದು. ನಾನು ಮಶೇರಿ ಹಚ್ಚುತ್ತೇನೆ, ಶೈಲಾ. ತಂಬಾಕಿನ ಎಲೆಯನ್ನು ಹಂಚಿನ ಮೇಲೆ ಕಪ್ಪಗೆ ಹುರಿದು, ಪುಡಿ ಮಾಡಿ, ಬೆರಳಿನಿಂದ ಒಸಡಿಗೆ ತಿಕ್ಕುತ್ತೇನೆ. ಬಾಣಂತನದಲ್ಲಿ ಹಲ್ಲು ನೋವೆಂದಾಗ ಅತ್ತೆ ಕಲಿಸಿದ್ದು. ಹಲ್ಲು ನೋವು ಎಂದೋ ಹೋಯಿತು, ಇದು ಉಳಿಯಿತು. ಅತ್ತೆ ಹೋದ ಮೇಲೆ ಮನೆಯಲ್ಲಿ ಯಾರಿಗೂ ಗೊತ್ತಿಲ್ಲ, ನನ್ನ ಗಂಡನಿಗೂ. ಕಾಫಿ ಹುರಿದ ದಿನವೇ ಎಲೆಯನ್ನೂ ಹುರಿಯುತ್ತಿದ್ದೆ, ಕಾಫಿಯ ಘಮದಲ್ಲಿ ಆ ಘಾಟು ಮುಚ್ಚಿಹೋಗುತ್ತಿತ್ತು. ಪಕ್ಕದವರು "ಇವತ್ತು ಬೀಜ ಸ್ವಲ್ಪ ಸೀದದೆ ಕಾಣ್ತದೆ" ಅನ್ನುತ್ತಿದ್ದರು. ನಾನು ಹೌದು ಅನ್ನುತ್ತಿದ್ದೆ.

ಹೀಗಿದ್ದವಳು ನಾನು ಅಂಗಡಿಯ ಮೆಟ್ಟಿಲಲ್ಲಿ ಬೀಡಿ ಹಚ್ಚಿದವರನ್ನು ಅಟ್ಟುತ್ತಿದ್ದೆ. ಉದಯನಿಗಂತೂ ಎಷ್ಟು ಬೈದಿದ್ದೇನೆ! "ಹೆಂಡ್ತಿ ಮಕ್ಳ ಮುಖ ನೋಡಿಯಾದ್ರೂ ಬಿಡೂಕೆ ಆಗೂದಿಲ್ವೇನೋ?" ನೀನು ಪಕ್ಕದಲ್ಲಿ ನಿಂತು ತಲೆಯಾಡಿಸುತ್ತಿದ್ದೆ.

ಹಾಗಾಗಿ ಆ ದಿನ "ಇದರಲ್ಲಿ ತಂಬಾಕಿದೆ" ಅಂದಿದ್ದರೆ ನೀನು ಕೇಳುತ್ತಿದ್ದೆ — ನಿಮಗೆ ಹೇಗೆ ತಿಳಿಯಿತು? ಕೇಳುತ್ತಿದ್ದೆಯೋ ಇಲ್ಲವೋ. ನೀನು ಕೇಳದೆಯೂ ಒಪ್ಪಿಕೊಳ್ಳುತ್ತಿದ್ದೆ ಎಂದು ಈಗ ಅನ್ನಿಸುತ್ತದೆ. ಆದರೆ ಆ ಒಂದು ಪ್ರಶ್ನೆಗೆ ನಾನು ಹೆದರಿದೆ. ಸುಮ್ಮನೆ ತಲೆನೋವು, ನನಗೆ ಗೊತ್ತಾಗಲಿಲ್ಲ ಅಂದಿದ್ದರೂ ಆಗುತ್ತಿತ್ತು. ಅದನ್ನೂ ಅನ್ನಲಿಲ್ಲ — ನನ್ನ ನಾಲಿಗೆಯ ಹೆಸರು ಕೆಡುತ್ತದಲ್ಲ! "ಬರೀ ಕಾಫಿ," ಅಂದೆ. "ಅದೂ ಹಲ್ಕಾ ಕಾಫಿ." ನೀವಿಬ್ಬರೂ ನಕ್ಕಿರಿ.

ಆಮೇಲಿನದು ನಿನಗೇ ಗೊತ್ತು. ಎರಡು ವರ್ಷ ಅವನು ಸಿಗರೇಟು ಮುಟ್ಟಲಿಲ್ಲ. ನೀನೇ ಬೆಳಿಗ್ಗೆ ಅವನ ಡಬ್ಬಿ ಕಟ್ಟುವಾಗ ಆ ಯಂತ್ರಕ್ಕೆ ಶೀಶೆಯಿಂದ ತುಂಬಿಸಿ ಕೊಡುತ್ತಿದ್ದೆ. ಊರಿನವರೆಲ್ಲ ಅವನನ್ನು ಹೊಗಳಿದರು. ಹೊಗಳಿಕೆ ಕೇಳುತ್ತ ನಾನೂ ಕೂತಿದ್ದೆ. ಆಮೇಲೆ ಸರ್ಕಾರ ಅಂಥವನ್ನೆಲ್ಲ ನಿಷೇಧ ಮಾಡಿತು, ಗೋವಾದಿಂದ ಶೀಶೆ ಬರುವುದು ನಿಂತಿತು. ನಾಲ್ಕನೇ ದಿನಕ್ಕೆ ಉದಯ ಹೆದ್ದಾರಿಯ ಪಕ್ಕದ ಚಾದಂಗಡಿಯ ಹಿಂದೆ ಸಿಗರೇಟು ಸೇದುತ್ತ ಸಿಕ್ಕಿಬಿದ್ದ.

"ಎರಡು ವರ್ಷ ಬಿಟ್ಟವ್ರಿಗೆ ನಾಲ್ಕು ದಿನ ತಡ್ಕಂಬೂಕೆ ಆಗ್ಲಿಲ್ವಾ?" ಎಂದು ನೀನು ನಮ್ಮೆಲ್ಲರೆದುರು ಕೇಳಿದೆ. ಅವನು ತನಗೇ ಅರ್ಥವಾಗದವನ ಹಾಗೆ ಕೂತಿದ್ದ. ನಿಧಿ ಬಾಗಿಲಲ್ಲೇ ನಿಂತು, "ಪಪ್ಪಾ, ನನ್ನ ತಲೆ ಮುಟ್ಟಿ ಹೇಳಿದ್ದೂ ಸುಳ್ಳೇಯಾ?" ಅಂದಳು. ಅವನು ಎರಡು ವರ್ಷ ಏನನ್ನೂ ಬಿಟ್ಟಿರಲೇ ಇಲ್ಲ, ಚಟ ಅವನೊಳಗೆ ದಿನಾ ಊಟ ಮಾಡಿಕೊಂಡು ಗಟ್ಟಿಯಾಗಿಯೇ ಇತ್ತು — ಇದು ಆ ಕೋಣೆಯಲ್ಲಿ ಒಬ್ಬಳಿಗೆ ಮಾತ್ರ ಗೊತ್ತಿತ್ತು. ಆ ಒಬ್ಬಳು ಲೋಟ ಎತ್ತಿಕೊಂಡು ಅಡುಗೆಮನೆಗೆ ಹೋದಳು.

ಅಲ್ಲಿಂದ ನಿನ್ನ ಮನೆಯಲ್ಲಿ ಅವನ ಮಾತಿಗೆ ಬೆಲೆ ಹೋಯಿತು. ಬೇಗ ಬರುತ್ತೇನೆ ಅಂದರೆ ನಿಧಿ ನಗುತ್ತಾಳೆ. ನಾನೂ ಕಂಡಿದ್ದೇನೆ. ಅವನು ಎದುರು ಮಾತಾಡುವುದನ್ನೇ ಬಿಟ್ಟಿದ್ದಾನೆ. ನನ್ನ ತಮ್ಮ ಅಷ್ಟು ಮೆತ್ತಗಿನವನಾಗಿರಲಿಲ್ಲ.

ಮೊನ್ನೆ ಶನಿವಾರ ನೀನು ಮತ್ತೆ ಅಂಗಡಿಗೆ ಬಂದೆ. ಅವನ ಎದೆಗೆ ಸ್ಟೆಂಟ್ ಹಾಕಿ ತಿಂಗಳಾಗಿದೆ, ಇನ್ನೊಂದು ಸಿಗರೇಟೂ ಕೂಡದು ಎಂದು ಡಾಕ್ಟರು ಹೇಳಿದ್ದಾರೆ. ಸೆರಗಿನೊಳಗಿಂದ ಒಂದು ಶೀಶೆ ತೆಗೆದೆ. ಎಲ್ಲಿ ಹುಡುಕಿದೆಯೋ, ಯಾರ ಕಾಲು ಹಿಡಿದೆಯೋ. "ಅವತ್ತು ಇದ್ರಿಂದ್ಲೇ ಎರಡು ವರ್ಷ ತಡ್ದಿದ್ರು ಅಕ್ಕಾ. ಅದೇ ಕಾಫಿ ಹೌದಾ ನೋಡಿ ಹೇಳಿ, ಸಾಕು."

ನೆಗಡಿಯಾಗಿದೆ, ವಾಸನೆ ಹತ್ತುವುದಿಲ್ಲ, ಇಟ್ಟು ಹೋಗು ಅಂದೆ. ಅದೂ ಸುಳ್ಳು. ನೀನು ಬಸ್ಸು ಹತ್ತಿದ ಮೇಲೆ ಶೀಶೆಯನ್ನು ನೋಡುತ್ತ ಕೂತೆ. ಮುಚ್ಚಳ ತೆಗೆಯಲಿಲ್ಲ. ತೆಗೆಯುವ ಅಗತ್ಯವೂ ಇಲ್ಲ. ಸ್ಟೆಂಟ್ ಹಾಕಿದ ಎದೆಗೆ ತಂಬಾಕಿನ ಸತ್ವ ಏನು ಮಾಡುತ್ತದೆ ಎಂದು ಡಾಕ್ಟರನ್ನು ಕೇಳು, ನನ್ನ ನಾಲಿಗೆಯನ್ನು ಇನ್ನು ಕೇಳಬೇಡ.

ಸಾಕಾಗಿದೆ, ಶೈಲಾ. ಈ ಹೊತ್ತು ಬೆಳಿಗ್ಗೆಯೂ ಮಶೇರಿ ಹಚ್ಚಿದ್ದೇನೆ; ಬಿಟ್ಟಿದ್ದೇನೆ ಎಂದು ಬರೆದು ಒಳ್ಳೆಯವಳಾಗಲು ಹೋಗುವುದಿಲ್ಲ. ಕ್ಷಮಿಸು ಎಂದು ಕೇಳುವುದಕ್ಕೂ ಬಾಯಿಲ್ಲ. ಭಾನುವಾರ ಬೆಳಿಗ್ಗೆಯ ಬಸ್ಸಿಗೆ ಬಿಣಗಾಕ್ಕೆ ಬರುತ್ತೇನೆ. ಬಾಗಿಲು ತೆಗೆಯುವುದೂ ಬಿಡುವುದೂ ನಿನ್ನಿಷ್ಟ. ಆದರೆ ನಾನು ಬರುವ ಮುಂಚೆ ಈ ಕಾಗದವನ್ನು ಉದಯನೆದುರು ಗಟ್ಟಿಯಾಗಿ ಓದು, ನಿಧಿಯೂ ಅಲ್ಲಿರಲಿ. ಅವಳ ಅಪ್ಪ ಆಣೆ ಮುರಿಯಲಿಲ್ಲ. ಅದನ್ನು ಮುರಿದವಳು ನಾನು.